ಮಕ್ಕಳ ಕೋಣೆಯ ಟಿವಿ: ಹೊರಗೆ ತರುವುದು ಹೇಗೆ, ತಂದ ಮೇಲೆ ಏನು ಮಾಡಬೇಕು

ದಸರೆ, ದೀಪಾವಳಿ ಮುಗಿಯುತ್ತಿದ್ದಂತೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹಬ್ಬದ ರಿಯಾಯಿತಿಯಲ್ಲಿ ಪಡಸಾಲೆಗೆ ದೊಡ್ಡ ಟಿವಿ ತಂದಿದ್ದಾರೆ. ಹಳೆಯ 32 ಇಂಚಿನದು ಇನ್ನೂ ಚೆನ್ನಾಗಿಯೇ ನಡೆಯುತ್ತಿದೆ, ಮಾರಿದರೆ ಪುಡಿಗಾಸು ಸಿಗುತ್ತದೆ, ಮಕ್ಕಳ ಕೋಣೆಯ ಗೋಡೆ ಖಾಲಿ ಇದೆ. ಅಲ್ಲಿಗೆ ಹಾಕಿಸಿಬಿಡೋಣವೇ? ಇನ್ನು ಕೆಲವರ ಪ್ರಶ್ನೆ ಇದರ ಮುಂದಿನದು. ಹಾಕಿಸಿ ಎರಡು ವರ್ಷವಾಯಿತು, ಮಗ ಈಗ ಒಂಬತ್ತನೆಯ ತರಗತಿ, ರಾತ್ರಿ ಹನ್ನೆರಡಾದರೂ ಬಾಗಿಲ ಸಂದಿಯಿಂದ ಬೆಳಕು ಕಾಣುತ್ತದೆ, ತೆಗೆಯುವುದು ಹೇಗೆ?

ಮೊದಲನೆಯದಕ್ಕೆ ನನ್ನ ಉತ್ತರ ಒಂದೇ ಮಾತು: ಹಾಕಿಸಬೇಡಿ. ಮೂರು ವರ್ಷದ ಮಗುವಾದರೂ ಅಷ್ಟೇ, ಪಿಯುಸಿ ಓದುವ ಮಗಳಾದರೂ ಅಷ್ಟೇ. ಎರಡನೆಯದಕ್ಕೆ ಉತ್ತರ ಸ್ವಲ್ಪ ಉದ್ದವಿದೆ, ಅದಕ್ಕಾಗಿಯೇ ಈ ಲೇಖನ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮಕ್ಕಳಿಗೆ ಬೇರೆ ಕೋಣೆಯೇ ಇಲ್ಲದ, ಎಲ್ಲರೂ ಪಡಸಾಲೆಯಲ್ಲೇ ಹಾಸಿಕೊಂಡು ಮಲಗುವ ಮನೆಗಳನ್ನೂ ಬಿಟ್ಟಿಲ್ಲ. ನಿಜ ಹೇಳಬೇಕೆಂದರೆ ಆ ಮನೆಗಳ ಪ್ರಶ್ನೆಯೇ ಹೆಚ್ಚು ಕಠಿಣ.

ಯಾಕೆ ಬೇಡ

ಮುಖ್ಯ ಕಾರಣ ನಿದ್ದೆ. 3ರಿಂದ 5 ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ತಾಸು, 6ರಿಂದ 12 ವರ್ಷದವರಿಗೆ 9ರಿಂದ 12 ತಾಸು, 13ರಿಂದ 18ರವರಿಗೆ 8ರಿಂದ 10 ತಾಸು ನಿದ್ದೆ ಬೇಕು ಎಂದು ನಿದ್ರಾ ತಜ್ಞರು ಹೇಳುತ್ತಾರೆ. ಇದನ್ನು ನಿಮ್ಮ ಮನೆಯ ಗಡಿಯಾರಕ್ಕೆ ಹೊಂದಿಸಿ ನೋಡಿ. ಐದನೆಯ ತರಗತಿಯ ಮಗಳ ಶಾಲೆಯ ವ್ಯಾನು ಏಳೂವರೆಗೆ ಬರುತ್ತದೆ ಎಂದರೆ ಅವಳು ಆರೂಕಾಲಿಗೆ ಏಳಬೇಕು. ಕನಿಷ್ಠ 9 ತಾಸು ಎಂದರೂ ರಾತ್ರಿ ಒಂಬತ್ತೂಕಾಲಿಗೆ ನಿದ್ದೆ ಹತ್ತಿರಬೇಕು. ಬೆಳಗಿನ ಟ್ಯೂಷನ್‌ಗೆಂದು ಐದೂವರೆಗೆ ಏಳುವ ಎಸ್ಸೆಸ್ಸೆಲ್ಸಿ ಹುಡುಗನಿಗೆ 8 ತಾಸು ಬೇಕೆಂದರೆ ಒಂಬತ್ತೂವರೆ. ಅದರ ಮೇಲೆ, ಹರೆಯಕ್ಕೆ ಬಂದ ಮಕ್ಕಳ ದೇಹದ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ, ಅವರಿಗೆ ಸಹಜವಾಗಿಯೇ ತಡವಾಗಿ ನಿದ್ದೆ ಬರುತ್ತದೆ. ಹಾಗಿರುವಾಗ ಮಂಚದ ಎದುರಿಗೇ ಟಿವಿ ಇಟ್ಟರೆ ಅವರು ಹನ್ನೊಂದರವರೆಗೆ ಎದ್ದಿರುವುದರಲ್ಲಿ ಆಶ್ಚರ್ಯವಿಲ್ಲ.

ಬೆಳಕಿನ ಮಾತನ್ನು ಎಲ್ಲರೂ ಕೇಳಿದ್ದೀರಿ. ಕತ್ತಲಾದಾಗ ಮೆದುಳು ಮೆಲಟೋನಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಇನ್ನು ಮಲಗುವ ಹೊತ್ತಾಯಿತು ಎಂದು ದೇಹಕ್ಕೆ ತಿಳಿಸುವುದು ಅದೇ. ಪ್ರಖರ ಬೆಳಕು ಅದನ್ನು ತಗ್ಗಿಸುತ್ತದೆ. ಆದರೆ ದೂರದ ಗೋಡೆಯ ಮೇಲಿನ ಟಿವಿಗಿಂತ ಕಣ್ಣಿನ ಹತ್ತಿರ ಹಿಡಿದ ಮೊಬೈಲಿನ ಬೆಳಕೇ ಈ ವಿಷಯದಲ್ಲಿ ಹೆಚ್ಚು ತೊಂದರೆ ಕೊಡಬಲ್ಲದು. ಟಿವಿಯಿಂದ ಆಗುವ ದೊಡ್ಡ ನಷ್ಟ ಹೊತ್ತಿನದು. ಒಂದು ಕಂತು ಮುಗಿದು ಹತ್ತು ಸೆಕೆಂಡು ಕಳೆಯುವುದರೊಳಗೆ ಮುಂದಿನ ಕಂತು ತಾನಾಗಿಯೇ ಶುರುವಾಗುತ್ತದೆ. ‘ಇನ್ನು ಸಾಕು’ ಎನ್ನಲು ಆ ಕೋಣೆಯಲ್ಲಿ ಯಾರೂ ಇರುವುದಿಲ್ಲ.

ಕೋಣೆಯಲ್ಲೇ ಟಿವಿ ಇರುವ ಮಕ್ಕಳು ಕಡಿಮೆ ನಿದ್ದೆ ಮಾಡುತ್ತಾರೆ, ಒಟ್ಟಾರೆ ಹೆಚ್ಚು ಹೊತ್ತು ನೋಡುತ್ತಾರೆ, ಅವರ ತೂಕವೂ ಹೆಚ್ಚಿರುವ ಸಂಭವವಿದೆ ಎಂದು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ಇವು ಒಟ್ಟೊಟ್ಟಿಗೆ ಕಾಣುವ ಸಂಗತಿಗಳು. ಎಲ್ಲಕ್ಕೂ ಟಿವಿಯೊಂದೇ ಕಾರಣ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೂ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಮಲಗುವ ಕೋಣೆಯಿಂದ ಪರದೆಗಳನ್ನು ದೂರವಿಡಿ ಎಂದು ಬಹಳ ವರ್ಷಗಳಿಂದ ಹೇಳುತ್ತಿದೆ. ನಮ್ಮ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆ ಒಟ್ಟು ಹೊತ್ತಿನ ಬಗ್ಗೆ: 2 ವರ್ಷದೊಳಗೆ ಪರದೆ ಬೇಡವೇ ಬೇಡ, 2ರಿಂದ 5 ವರ್ಷದವರೆಗೆ ದಿನಕ್ಕೆ ಹೆಚ್ಚೆಂದರೆ 1 ತಾಸು, 5ರಿಂದ 10 ವರ್ಷದವರಿಗೆ 2 ತಾಸಿನೊಳಗೆ. ಈ ಲೆಕ್ಕದಲ್ಲಿ ಮೊಬೈಲೂ ಸೇರಿದೆ.

ಏನೇನು ಬೇಕು

ಒಂದು ಸ್ಕ್ರೂಡ್ರೈವರ್, ಗೋಡೆಯ ತೂತು ಮುಚ್ಚಲು ಸ್ವಲ್ಪ ಪುಟ್ಟಿ, ಪಡಸಾಲೆಯಲ್ಲಿ ಎಲ್ಲರ ಮೊಬೈಲ್ ಚಾರ್ಜಿಗಿಡಲು ಒಂದು ಎಕ್ಸ್‌ಟೆನ್ಷನ್ ಬೋರ್ಡ್, ಮತ್ತು ಒಂದು ಅಲಾರಾಂ ಗಡಿಯಾರ. ಗಡಿಯಾರ ಯಾಕೆಂದು ಮುಂದೆ ಹೇಳುತ್ತೇನೆ, ಅದನ್ನು ಮಾತ್ರ ಮರೆಯಬೇಡಿ. ಇವೆಲ್ಲಕ್ಕಿಂತ ಮುಖ್ಯವಾಗಿ ಪರೀಕ್ಷೆಯಿಲ್ಲದ ಎರಡು ವಾರ ಬೇಕು. ದಸರೆಯ ರಜೆ ಅಥವಾ ಬೇಸಿಗೆ ರಜೆಯ ಕೊನೆಯ ವಾರಗಳು ಒಳ್ಳೆಯ ಸಮಯ. ಫೆಬ್ರವರಿಯಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ತಲೆಯ ಮೇಲೆ ಬಂದಾಗ, ಗಾಬರಿಯಿಂದ ಟಿವಿ ಕಿತ್ತುಹಾಕುವ ಪಾಲಕರೇ ಹೆಚ್ಚು. ಆಗ ಮನೆಯಲ್ಲಿ ಜಗಳವಾಗುತ್ತದೆ, ಓದೂ ಕೆಡುತ್ತದೆ.

ಹಂತ 1: ಮೊದಲು ದೊಡ್ಡವರು ಒಂದು ಮಾತಿಗೆ ಬನ್ನಿ

ಅಪ್ಪ ‘ತೆಗೆಯೋಣ’ ಎನ್ನುವುದು, ಅವ್ವ ‘ಇರಲಿ ಬಿಡಿ, ಪಾಪ’ ಎನ್ನುವುದು, ಆಯಿ ಮೊಮ್ಮಗನನ್ನು ಕರೆದು ‘ನನ್ನ ಕೋಣೆಯಲ್ಲಿ ನೋಡು ಬಾ’ ಎನ್ನುವುದು, ಹೀಗಾದರೆ ಮೂರೇ ದಿನದಲ್ಲಿ ಕೆಲಸ ಕೆಡುತ್ತದೆ. ಮಕ್ಕಳಿಗೆ ತಿಳಿಸುವ ಮೊದಲೇ ಮನೆಯ ಹಿರಿಯರನ್ನೆಲ್ಲ ಕೂರಿಸಿಕೊಂಡು ಮಾತನಾಡಿ.

ಆಗ ಎರಡು ತೊಡಕು ಎದುರಾಗುತ್ತವೆ. ಒಂದು, ಟಿವಿ ಮಕ್ಕಳ ಕೋಣೆಯಲ್ಲಿದ್ದರೂ ಅದನ್ನು ನೋಡುವವರು ಆಯಿ, ಏಕೆಂದರೆ ಅವರು ಮಲಗುವುದೂ ಅಲ್ಲೇ. ಅವರ ಧಾರಾವಾಹಿಗೆ ಪಡಸಾಲೆಯಲ್ಲಿ ನಿಗದಿತ ಹೊತ್ತು, ಬೆನ್ನಿಗೆ ಆಸರೆಯಿರುವ ಒಳ್ಳೆಯ ಕುರ್ಚಿ, ಎರಡನ್ನೂ ಮೊದಲು ಮಾಡಿಕೊಡಿ. ವಯಸ್ಸಾದವರ ಸುಖ ಕಿತ್ತುಕೊಂಡು ಮಕ್ಕಳಿಗೆ ಶಿಸ್ತು ಕಲಿಸಲು ಹೋಗಬೇಡಿ. ಇನ್ನೊಂದು, ತಂದೆತಾಯಿಯ ಮಲಗುವ ಕೋಣೆಯಲ್ಲೇ ಟಿವಿ ಇರುವುದು. ‘ನಿಮಗೆ ನಡೆಯುತ್ತದೆ, ನನಗೆ ಯಾಕಿಲ್ಲ’ ಎಂದು ಹದಿಮೂರರ ಮಗ ಕೇಳಿಯೇ ಕೇಳುತ್ತಾನೆ, ಅದು ನ್ಯಾಯವಾದ ಪ್ರಶ್ನೆ. ಸಾಧ್ಯವಿದ್ದರೆ ಅದನ್ನೂ ತೆಗೆಯಿರಿ. ಅರ್ಧ ಜಗಳ ಅಲ್ಲಿಗೇ ತೀರುತ್ತದೆ.

ಹಂತ 2: ಒಂದು ವಾರ ಬರೆದಿಡಿ

ಟಿವಿ ಆರಿದ ಹೊತ್ತು, ನಿದ್ದೆ ಹತ್ತಿದ ಹೊತ್ತು, ಬೆಳಿಗ್ಗೆ ಎದ್ದ ಹೊತ್ತು, ಎಷ್ಟು ಸಲ ಕರೆದ ಮೇಲೆ ಎದ್ದರು, ಇಷ್ಟು ಸಾಕು. ಹಳೆಯ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬರೆಯಿರಿ. ಹರೆಯದ ಮಕ್ಕಳಾದರೆ ಅವರ ಕೈಯಿಂದಲೇ ಬರೆಯಿಸಿ. ಕದ್ದು ನೋಡಿ ಬರೆದರೆ ಅದು ಪತ್ತೇದಾರಿಕೆಯಾಗುತ್ತದೆ.

ಹಂತ 3: ಮಕ್ಕಳಿಗೆ ಹೇಳುವುದು

ಆರು ವರ್ಷದೊಳಗಿನವರಿಗೆ ಉದ್ದದ ಭಾಷಣ ಬೇಡ. ‘ಟಿವಿ ಇನ್ನು ಮೇಲೆ ಪಡಸಾಲೆಯಲ್ಲಿರುತ್ತದೆ’ ಎಂದು ಹೇಳಿ, ಹಗಲು ಹೊತ್ತಿನಲ್ಲಿ ಅವರ ಕಣ್ಣೆದುರೇ ತೆಗೆಯಿರಿ. ಶಾಲೆಯಿಂದ ಬರುವಷ್ಟರಲ್ಲಿ ಮಾಯ ಮಾಡಿದರೆ ಮುಂದೆ ನಿಮ್ಮ ಮಾತನ್ನು ನಂಬುವುದಿಲ್ಲ. ಏಳರಿಂದ ಹನ್ನೆರಡರವರಿಗೆ ಕಾರಣ ಹೇಳಿ, ದಿನಾಂಕ ಹೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಹರೆಯದವರ ಜೊತೆ ತುಸು ತಾಳ್ಮೆ ಬೇಕು. ತೆಗೆಯಬೇಕೋ ಬೇಡವೋ ಎಂಬುದನ್ನು ಚರ್ಚೆಗೆ ಬಿಡಬೇಡಿ; ಯಾವಾಗ, ಹೇಗೆ, ಬದಲಿಗೆ ಏನು ಎಂಬುದನ್ನು ಪೂರ್ತಿ ಚರ್ಚೆಗೆ ಬಿಡಿ. ‘ನನ್ನ ಕೋಣೆ, ನನ್ನ ಇಷ್ಟ’ ಎಂದು ಮಗಳು ಸಿಡಿದರೆ, ‘ಕೋಣೆ ನಿನ್ನದೇ ತಾಯಿ, ಬಾಗಿಲು ಹಾಕಿಕೊ, ಗೋಡೆಗೆ ಬೇಕಾದ ಚಿತ್ರ ಅಂಟಿಸು, ಗೆಳತಿಯರೊಡನೆ ಹರಟು. ಟಿವಿ ಮಾತ್ರ ಪಡಸಾಲೆಯಲ್ಲಿ’ ಎನ್ನಿ. ಅವರ ಕಷ್ಟವನ್ನೂ ಅರ್ಥ ಮಾಡಿಕೊಳ್ಳಿ. ಪಡಸಾಲೆಯಲ್ಲಿ ಅಜ್ಜನ ಸುದ್ದಿ ಚಾನೆಲ್ ಇರುತ್ತದೆ, ಅಪ್ಪ ಪ್ರತಿ ದೃಶ್ಯಕ್ಕೂ ಟೀಕೆ ಮಾಡುತ್ತಾರೆ, ಯಾರಾದರೂ ನೆಂಟರು ಕೂತಿರುತ್ತಾರೆ. ಹುಡುಗರಿಗೆ ಬೇಕಾಗಿರುವುದು ಯಾರೂ ಮೂಗು ತೂರಿಸದ ಒಂದು ತಾಸು. ಅದನ್ನು ಕೊಡಿ: ವಾರದಲ್ಲಿ ಮೂರು ದಿನ, ಸಂಜೆ ಇಂತಿಷ್ಟರಿಂದ ಇಂತಿಷ್ಟರವರೆಗೆ ರಿಮೋಟ್ ಅವರದು, ನಿಮ್ಮ ಟೀಕೆ ಬಂದ್. ಈ ಮಾತನ್ನು ನೀವು ಮುರಿದರೆ ಅವರೂ ಮುರಿಯುತ್ತಾರೆ.

ಇಲ್ಲಿ ಹಲವರು ಎಡವುವುದು ಎರಡು ಕಡೆ. ಕಡಿಮೆ ಅಂಕ ಬಂದ ದಿನವೇ ಶಿಕ್ಷೆಯಾಗಿ ಟಿವಿ ತೆಗೆಯುತ್ತಾರೆ. ಇಲ್ಲವೇ ‘ತೊಂಬತ್ತು ತಂದರೆ ಮತ್ತೆ ಹಾಕಿಸುತ್ತೇನೆ’ ಎಂದು ಆಸೆ ತೋರಿಸುತ್ತಾರೆ. ಎರಡರಲ್ಲೂ ಟಿವಿ ಬಹುಮಾನದ ಪಟ್ಟ ಏರುತ್ತದೆ. ನಿದ್ದೆಯ ಮಾತನ್ನು ಅಂಕದ ಮಾತಿನೊಂದಿಗೆ ಬೆರೆಸಲೇಬೇಡಿ.

ಹಂತ 4: ಇಳಿಸುವ ಕೆಲಸ

ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕೇಬಲ್ಲಿನ ವೈರು ಬಿಚ್ಚಿದ ಮೇಲೆಯೇ ಟಿವಿಗೆ ಕೈ ಹಾಕಿ. ಗೋಡೆಯ ಟಿವಿಯನ್ನು ಇಬ್ಬರು ಹಿಡಿದು ಕೊಂಡಿಯಿಂದ ಮೇಲಕ್ಕೆತ್ತಿ ಇಳಿಸಬೇಕು. ಪರದೆಯ ಮೇಲೆ ಬೆರಳು ಒತ್ತಬಾರದು, ಅಂಗಾತ ಮಲಗಿಸಬಾರದು. ಗೋಡೆಗೆ ಬಡಿದಿರುವ ಕಬ್ಬಿಣದ ಚೌಕಟ್ಟನ್ನೂ ಬಿಚ್ಚಿ ತೂತು ಮುಚ್ಚಿ. ಚೌಕಟ್ಟು ಹಾಗೇ ಉಳಿದರೆ ‘ಮತ್ತೆ ಹಾಕುತ್ತಾರೆ’ ಎಂಬ ನಿರೀಕ್ಷೆಯೂ ಉಳಿಯುತ್ತದೆ. ಎರಡನೆಯ ಸೆಟ್‌ಟಾಪ್ ಬಾಕ್ಸ್ ಇದ್ದರೆ ಕೇಬಲ್ಲಿನವರಿಗೆ ಹೇಳಿ ಅದರ ಸಂಪರ್ಕ ನಿಲ್ಲಿಸಿ, ತಿಂಗಳ ಹಣವೂ ಉಳಿಯುತ್ತದೆ.

ಹಳೆಯ ಡಬ್ಬಾ ಟಿವಿಯಾದರೆ ಒಂದು ಎಚ್ಚರಿಕೆ. 21 ಇಂಚಿನದು ಸುಮಾರು 20 ಕಿಲೋ ತೂಗುತ್ತದೆ, ಭಾರವೆಲ್ಲ ಮುಂದಿನ ಗಾಜಿನ ಕಡೆಗಿರುತ್ತದೆ. ಕಪಾಟಿನ ಮೇಲೆ, ಡ್ರಾಯರಿನ ಮೇಲೆ ಇಟ್ಟ ಇಂಥ ಟಿವಿಯನ್ನು ಹತ್ತಿ ಎಳೆದ ಚಿಕ್ಕ ಮಕ್ಕಳ ಮೇಲೆ ಅದು ಬಿದ್ದು ಪ್ರಾಣಕ್ಕೇ ಅಪಾಯವಾಗಬಹುದು. ಅದರ ಹಿಂಬದಿಯನ್ನು ನೀವಾಗಿ ಬಿಚ್ಚಬೇಡಿ, ಆರಿಸಿದ ಮೇಲೂ ಒಳಗೆ ಹೆಚ್ಚಿನ ವೋಲ್ಟೇಜು ಉಳಿದಿರಬಹುದು. ಗಾಜಿನಲ್ಲಿ ಸೀಸವಿರುವುದರಿಂದ ಒಡೆದು ಕಸಕ್ಕೆ ಹಾಕಬಾರದು. ಇ-ತ್ಯಾಜ್ಯ ಪಡೆಯುವ ಅಧಿಕೃತ ಕೇಂದ್ರಕ್ಕೇ ಕೊಡಿ. ನಡೆಯುವ ಟಿವಿಯನ್ನು ಬೇಕಾದವರಿಗೆ ಕೊಟ್ಟುಬಿಡಿ. ಅಟ್ಟದ ಮೇಲೆ ಇಟ್ಟರೆ ಬೇಸಿಗೆ ರಜೆಗೆ ಮತ್ತೆ ಕೆಳಗಿಳಿಯುತ್ತದೆ.

ಹಂತ 5: ಪಡಸಾಲೆಯ ಟಿವಿಯನ್ನು ಹದಕ್ಕೆ ತನ್ನಿ

ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಟೈಮರ್ ಇರುತ್ತದೆ. ನೀವು ಕೊಟ್ಟ ಅವಧಿ ಮುಗಿದ ಮೇಲೆ ಟಿವಿ ತಾನಾಗಿಯೇ ಆರುತ್ತದೆ. ಆಟೋಪ್ಲೇ, ಅಂದರೆ ಮುಂದಿನ ಕಂತು ತಾನಾಗಿ ಶುರುವಾಗುವ ಸೌಲಭ್ಯ, ಅದನ್ನು ಪ್ರತಿಯೊಂದು ಆ್ಯಪ್‌ನಲ್ಲೂ ಹೋಗಿ ನಿಲ್ಲಿಸಿ. ಸೆಟ್‌ಟಾಪ್ ಬಾಕ್ಸ್‌ಗಳಲ್ಲಿ ಬೇಡದ ಚಾನೆಲ್ಲಿಗೆ ಬೀಗ ಹಾಕುವ ಪೇರೆಂಟಲ್ ಲಾಕ್ ಇರುತ್ತದೆ. ಅದರ ಗುಪ್ತ ಸಂಖ್ಯೆ ಮಾರಾಟದ ಹೊತ್ತಿನಲ್ಲಿ 0000 ಅಥವಾ 1234 ಆಗಿರುವುದೇ ಹೆಚ್ಚು, ಮಕ್ಕಳಿಗೂ ಅದು ಗೊತ್ತು. ಮೊದಲು ಅದನ್ನು ಬದಲಿಸಿ.

ಒಟಿಟಿ, ಅಂದರೆ ಇಂಟರ್‌ನೆಟ್ ಮೂಲಕ ಆ್ಯಪ್‌ಗಳಲ್ಲಿ ಬರುವ ಕಾರ್ಯಕ್ರಮಗಳ ಆರಂಭದಲ್ಲಿ ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂಬ ಗುರುತು ಕಾಣುತ್ತದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ವಯಸ್ಸಿನ ಈ ಗುರುತು ಕಡ್ಡಾಯ. 13+ ಮತ್ತು ಅದಕ್ಕೆ ಮೇಲ್ಪಟ್ಟದ್ದಕ್ಕೆ ಪಾಲಕರು ಬೀಗ ಹಾಕುವ ಸೌಲಭ್ಯವನ್ನೂ ಆ ಕಂಪನಿಗಳು ಕೊಡಲೇಬೇಕು. ಮಗುವಿಗೆ ಬೇರೆ ಪ್ರೊಫೈಲ್ ಮಾಡಿ, ನಿಮ್ಮ ಪ್ರೊಫೈಲಿಗೆ ಗುಪ್ತ ಸಂಖ್ಯೆ ಹಾಕಿ. ಎರಡನೆಯದನ್ನು ಮಾಡದಿದ್ದರೆ ಮೊದಲನೆಯದು ವ್ಯರ್ಥ.

ಕ್ರಿಕೆಟ್ಟಿನ ಮಾತು ಬೇರೆಯಾಗಿಯೇ ತೀರ್ಮಾನವಾಗಲಿ. ಐಪಿಎಲ್ ಶುರುವಾಗುವುದೂ ಪರೀಕ್ಷೆಗಳು ನಡೆಯುವುದೂ ಮಾರ್ಚ್-ಏಪ್ರಿಲ್ ಸುಮಾರಿಗೇ. ಸಂಜೆಯ ಪಂದ್ಯ ಏಳೂವರೆಗೆ ಆರಂಭವಾಗಿ ಹನ್ನೊಂದು ದಾಟುತ್ತದೆ. ಶಾಲೆಯಿರುವ ದಿನ ಮೊದಲ ಇನಿಂಗ್ಸ್ ಮಾತ್ರ, ಉಳಿದದ್ದು ಮರುದಿನ ಹೈಲೈಟ್ಸ್‌ನಲ್ಲಿ ಎಂಬ ನಿಯಮ ಮಾಡಿಕೊಳ್ಳಬಹುದು. ಯಾವ ಪಂದ್ಯಗಳಿಗೆ ವಿನಾಯಿತಿ ಎಂಬುದನ್ನು ಪಂದ್ಯಾವಳಿ ಶುರುವಾಗುವ ಮೊದಲೇ ಬರೆದಿಡಿ, ಕೊನೆಯ ಓವರಿನಲ್ಲಿ ಚೌಕಾಸಿ ಮಾಡಲು ಹೋದರೆ ನೀವೇ ಸೋಲುತ್ತೀರಿ.

ಹಂತ 6: ಮಕ್ಕಳು ಪಡಸಾಲೆಯಲ್ಲೇ ಮಲಗುವ ಮನೆಯಾದರೆ

ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ, ಗದಗ-ಬೆಟಗೇರಿಯ ಎರಡೇ ಕೋಣೆಯ ಬಾಡಿಗೆ ಮನೆಗಳಲ್ಲಿ ‘ಮಕ್ಕಳ ಕೋಣೆ’ ಎಂಬ ಮಾತೇ ಇಲ್ಲ. ಟಿವಿ ಇರುವಲ್ಲೇ ಚಾಪೆ ಹಾಸಿ, ಕೌದಿ ಹೊದ್ದು ಮಕ್ಕಳು ಮಲಗುತ್ತಾರೆ. ದೊಡ್ಡವರು ಹನ್ನೊಂದರವರೆಗೆ ನೋಡುತ್ತಾರೆ. ಮಕ್ಕಳ ನಿದ್ದೆಯ ಲೆಕ್ಕದಲ್ಲಿ ಇದು ಕೋಣೆಯಲ್ಲಿ ಟಿವಿ ಇಟ್ಟುಕೊಂಡದ್ದಕ್ಕಿಂತ ಬೇರೆಯಲ್ಲ. ಇಲ್ಲಿ ತಿದ್ದಿಕೊಳ್ಳಬೇಕಾದವರು ದೊಡ್ಡವರು. ಬಡತನದ, ಇಕ್ಕಟ್ಟಿನ ನೆಪ ಹೇಳಿ ಈ ಮಾತನ್ನು ತೇಲಿಸಿಬಿಡಬಾರದು ಎಂದೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೊದಲು ನೋಡಬೇಕಾದದ್ದು ಮಲಗುವ ಜಾಗವನ್ನು ಅದಲುಬದಲು ಮಾಡಲು ಆಗುತ್ತದೆಯೇ ಎಂದು. ಒಂದೇ ಒಳಕೋಣೆ ಇದ್ದು ಅದರಲ್ಲಿ ಗಂಡ ಹೆಂಡತಿ ಮಲಗುತ್ತಿದ್ದರೆ, ಶಾಲೆಯ ದಿನಗಳಲ್ಲಿ ಆ ಕೋಣೆಯನ್ನು ಒಂಬತ್ತಕ್ಕೆಲ್ಲ ಮಕ್ಕಳಿಗೆ ಬಿಟ್ಟುಕೊಡಿ. ನೋಡುವುದು ಮುಗಿದ ಮೇಲೆ ಚಿಕ್ಕವರನ್ನು ಎತ್ತಿ ತರುವ ಗೋಜಿಗೆ ಹೋಗದೆ ನೀವೇ ಪಡಸಾಲೆಯಲ್ಲಿ ಮಲಗಿ.

ಅದಕ್ಕೂ ಅವಕಾಶವಿಲ್ಲ, ಇರುವುದು ಒಂದೇ ಕೋಣೆ ಎಂದಾದರೆ ಟಿವಿಗೆ ಆರುವ ಹೊತ್ತು ಗೊತ್ತುಮಾಡಿ. ಒಂಬತ್ತೂವರೆಯಾದರೆ ಒಂಬತ್ತೂವರೆ. ಅದರ ನಂತರದ ಧಾರಾವಾಹಿಯನ್ನು ಮರುದಿನದ ಮರುಪ್ರಸಾರದಲ್ಲೋ ಆ್ಯಪ್‌ನಲ್ಲೋ ನೋಡಬಹುದು. ಪಾಳಿಯ ಕೆಲಸ ಮುಗಿಸಿ ಹತ್ತಕ್ಕೆ ಬರುವ ಅಪ್ಪನಿಗೆ ದಿನದ ದಣಿವು ಕಳೆಯಲು ಇರುವುದು ಅದೊಂದೇ ಎನ್ನುವ ಮನೆಗಳಿವೆ, ಅದನ್ನು ತಳ್ಳಿಹಾಕಲಾಗದು. ಅಂಥಲ್ಲಿ ಟಿವಿಗೆ ಹೆಡ್‌ಫೋನ್ ಜೋಡಿಸಿ, ಪರದೆಯ ಬೆಳಕನ್ನು ಸೆಟ್ಟಿಂಗ್ಸ್‌ನಲ್ಲಿ ಆದಷ್ಟು ಇಳಿಸಿ, ಮಕ್ಕಳ ಹಾಸಿಗೆ ಮತ್ತು ಟಿವಿಯ ನಡುವೆ ತಂತಿ ಎಳೆದು ದಪ್ಪ ಬಟ್ಟೆಯ ಪರದೆ ಬಿಡಿ. ಹಳೆಯ ಇಳಕಲ್ ಸೀರೆಯನ್ನು ಎರಡು ಮಡಿಕೆ ಮಾಡಿ ಹೊಲಿದರೂ ಸಾಕು. ಮಕ್ಕಳು ಟಿವಿಗೆ ಬೆನ್ನು ಹಾಕಿ ಮಲಗುವಂತೆ ಹಾಸಿ. ಕಿವಿ ಮಂದವಾದ ಅಜ್ಜನಿಗೂ ಹೆಡ್‌ಫೋನ್ ಒಳ್ಳೆಯದೇ, ಅವರಿಗೆ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ.

ಇನ್ನೊಂದು ಸಣ್ಣ ಸಂಗತಿ. ಮಳೆಗಾಲದ ರಾತ್ರಿ ಕರೆಂಟು ಹೋಗಿ ಎರಡು ಗಂಟೆಗೆ ಬಂದಾಗ ಕೆಲವು ಟಿವಿ, ಸೆಟ್‌ಟಾಪ್ ಬಾಕ್ಸ್‌ಗಳು ತಾವಾಗಿಯೇ ಚಾಲೂ ಆಗುತ್ತವೆ. ತಲೆದಿಂಬಿನ ಪಕ್ಕದಲ್ಲೇ ಜಾಹೀರಾತು ಅಬ್ಬರಿಸಿದರೆ ಮಗು ಬೆಚ್ಚಿಬಿದ್ದು ಏಳುತ್ತದೆ. ರಿಮೋಟಿನಲ್ಲಿ ಆರಿಸಿದರೆ ಸಾಲದು, ಗೋಡೆಯ ಸ್ವಿಚ್ಚನ್ನೇ ಆರಿಸಿ ಮಲಗಿ.

ಹಂತ 7: ಟಿವಿ ಹೋದ ಜಾಗಕ್ಕೆ ಮೊಬೈಲ್ ಬರದಂತೆ ನೋಡಿಕೊಳ್ಳಿ

ಇದನ್ನು ಮಾಡದಿದ್ದರೆ ಹಿಂದಿನ ಆರೂ ಹಂತ ನೀರಿನಲ್ಲಿ ಹೋಮ ಮಾಡಿದಂತೆ. ಮಲಗುವುದಕ್ಕೆ ಒಂದು ತಾಸು ಮೊದಲು ಮನೆಯ ಎಲ್ಲ ಮೊಬೈಲುಗಳೂ ಪಡಸಾಲೆಯ ಚಾರ್ಜಿಂಗ್ ಬೋರ್ಡಿಗೆ ಬರಲಿ. ಎಲ್ಲ ಎಂದರೆ ನಿಮ್ಮದೂ. ‘ಬೆಳಿಗ್ಗೆ ಏಳಲು ಅಲಾರಾಂ ಬೇಕಲ್ಲ’ ಎಂಬ ಮಾತು ಮೊದಲ ರಾತ್ರಿಯೇ ಬರುತ್ತದೆ. ಗಡಿಯಾರ ಕೊಂಡು ತರಲು ಹೇಳಿದ್ದು ಅದಕ್ಕೇ. ‘ನೋಟ್ಸ್ ವಾಟ್ಸ್‌ಆ್ಯಪ್‌ನಲ್ಲಿವೆ’ ಎಂದರೆ ಬೇಕಾದ ಪುಟಗಳನ್ನು ಎಂಟರೊಳಗೆ ಬರೆದುಕೊಳ್ಳಲಿ ಅಥವಾ ಮುದ್ರಿಸಿ ತರಲಿ. ಮನೆಗೆ ವೈಫೈ ಇದ್ದರೆ ರೌಟರಿನ ಆ್ಯಪ್‌ನಲ್ಲಿ ರಾತ್ರಿ ಇಂತಿಷ್ಟು ಹೊತ್ತಿನ ನಂತರ ಆಯ್ದ ಉಪಕರಣಗಳಿಗೆ ಇಂಟರ್‌ನೆಟ್ ನಿಲ್ಲಿಸುವ ಸೌಲಭ್ಯ ಹಲವು ಮಾದರಿಗಳಲ್ಲಿದೆ. ಮೊಬೈಲಿನಲ್ಲಿ ಸಿಮ್ ಡೇಟಾ ಇದ್ದರೆ ಅದು ಕೆಲಸಕ್ಕೆ ಬರುವುದಿಲ್ಲ, ಆದ್ದರಿಂದ ಅದನ್ನೇ ನೆಚ್ಚಿಕೊಂಡು ಕೂರಬೇಡಿ.

ಹಂತ 8: ಮೊದಲ ರಾತ್ರಿಗಳು

ಟಿವಿಯ ಸದ್ದಿನಲ್ಲೇ ನಿದ್ದೆ ಹೋಗಿ ಅಭ್ಯಾಸವಾದ ಮಕ್ಕಳಿಗೆ ಮೊದಮೊದಲು ನಿದ್ದೆ ಬರುವುದಿಲ್ಲ. ಹೊರಳಾಡುತ್ತಾರೆ, ಹೆದರಿಕೆ ಎನ್ನುತ್ತಾರೆ, ನಿಮ್ಮ ಪಕ್ಕ ಬಂದು ಮಲಗುತ್ತಾರೆ. ಬೈಯಬೇಡಿ. ಚಿಕ್ಕವರಿಗೆ ಕಥೆ ಹೇಳಿ ಅಥವಾ ಆಯಿಯಿಂದ ಹೇಳಿಸಿ. ಸದ್ದು ಬೇಕೇ ಬೇಕು ಎನ್ನುವವರಿಗೆ ಸಣ್ಣ ದನಿಯಲ್ಲಿ ರೇಡಿಯೊ ಹಚ್ಚಿಡಬಹುದು. 1950ರಿಂದ ನಡೆಯುತ್ತಿರುವ ಧಾರವಾಡ ಆಕಾಶವಾಣಿಯೇ ನಮ್ಮ ಮಗ್ಗುಲಲ್ಲಿದೆ. ಅದಕ್ಕೆ ಪರದೆಯಿಲ್ಲ, ಕಣ್ಣು ಮುಚ್ಚಿಕೊಂಡೇ ಕೇಳಬಹುದು. ಹರೆಯದವರಿಗೆ ಮಂಚದ ಬದಿಗೆ ಹಳದಿ ಬೆಳಕಿನ ಚಿಕ್ಕ ದೀಪವಿರಲಿ, ಇಷ್ಟವಾದ ಪುಸ್ತಕ ಓದಲಿ, ಪಠ್ಯವೇ ಆಗಬೇಕೆಂದಿಲ್ಲ.

ಸಂಜೆ ಮೈ ದಣಿದರೆ ರಾತ್ರಿಯ ಕೆಲಸ ಹಗುರವಾಗುತ್ತದೆ. ಧಾರವಾಡದ ಕೆ.ಸಿ.ಡಿ. ಮೈದಾನ, ಹುಬ್ಬಳ್ಳಿಯ ಉಣಕಲ್ ಕೆರೆ, ಗದಗಿನ ಭೀಷ್ಮ ಕೆರೆ, ಹಾವೇರಿಯ ಹೆಗ್ಗೇರಿ ಕೆರೆಯ ದಂಡೆ, ಯಾವುದು ಹತ್ತಿರವೋ ಅಲ್ಲಿಗೆ ಕರೆದುಕೊಂಡು ಹೋಗಿ. ಮನೆಯ ಮುಂದಿನ ಓಣಿಯಾದರೂ ಸರಿ.

ಎರಡನೆಯ ವಾರದಲ್ಲಿ ನೋಟ್‌ಬುಕ್ ಮತ್ತೆ ತೆರೆದು ಅದೇ ನಾಲ್ಕು ಸಂಗತಿಗಳನ್ನು ಬರೆಯಲು ಶುರುಮಾಡಿ. ಮಲಗುವ ಹೊತ್ತು ಅರ್ಧ ತಾಸು ಮುಂಚೆ ಸರಿದಿದ್ದರೂ ಸರಿಯಾದ ದಾರಿಯಲ್ಲಿದ್ದೀರಿ.

ಟಿವಿ ತೆಗೆದರೂ ನಿದ್ದೆ ಸರಿಹೋಗದಿದ್ದರೆ

ಎಲ್ಲ ನಿದ್ದೆಗೇಡಿಗೂ ಟಿವಿಯೇ ಕಾರಣವಲ್ಲ. ಮಗು ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಹರೆಯದ ಮಗ ಅಥವಾ ಮಗಳು ವಾರಗಟ್ಟಲೆ ಮಂಕಾಗಿದ್ದರೆ, ಊಟ ಬಿಟ್ಟರೆ, ಶಾಲೆ-ಕಾಲೇಜು ಬೇಡ ಎಂದರೆ, ರಾತ್ರಿಯಿಡೀ ಎಚ್ಚರವಿದ್ದರೆ, ‘ಟಿವಿ ತೆಗೆದದ್ದಕ್ಕೆ ಮುನಿಸು’ ಎಂದು ಸುಮ್ಮನಿರಬೇಡಿ. ಮನಸ್ಸಿನ ನೋವು ಮರೆಯಲು ಟಿವಿಯ ಮುಂದೆ ಕೂರುವ ಮಕ್ಕಳಿದ್ದಾರೆ, ಟಿವಿ ಹೋದಾಗ ಆ ನೋವು ಹೊರಗೆ ಕಾಣುತ್ತದೆ. ನಮ್ಮ ಭಾಗದಲ್ಲಿ ಇದಕ್ಕೆಂದೇ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಇದೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯಲ್ಲೂ ಮನೋವೈದ್ಯರಿದ್ದಾರೆ. ಮನೆಯಿಂದಲೇ ಮಾತನಾಡಬೇಕೆಂದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲಿ ಮಾತನಾಡಬಹುದು. ವೈದ್ಯರ ಬಳಿ ಹೋಗುವಾಗ ನಿದ್ದೆ ಬರೆದಿಟ್ಟ ನೋಟ್‌ಬುಕ್ಕನ್ನು ಜೊತೆಗೆ ಒಯ್ಯಿರಿ, ಅವರು ಮೊದಲು ಕೇಳುವುದು ಆ ವಿವರಗಳನ್ನೇ.